ರಿಜಿಸ್ಟರಿನಲ್ಲಿ ಬರೆಯದೆ ಕೊಟ್ಟ ಪುಸ್ತಕಗಳು

ಕಳೆದ ತಿಂಗಳು ತುಮಕೂರಿನ ಒಂದು ಕಾಲೇಜಿನವರು ನನ್ನನ್ನು ಕರೆದಿದ್ದರು. ಗ್ರಂಥಾಲಯ ವಿಜ್ಞಾನ ಓದುತ್ತಿರುವ ಮಕ್ಕಳಿಗೆ, ಜನರಿಗೆ ಖುಷಿಯಾಗುವಂಥ ಪುಸ್ತಕವನ್ನು ಹುಡುಕಿಕೊಡುವುದು ಹೇಗೆ ಅಂತ ಒಂದು ಗಂಟೆ ಮಾತಾಡಬೇಕಿತ್ತು. ಮಾತಾಡಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಗುಬ್ಬಿಯ ಹೆಸರನ್ನು ಒಂದು ಸಲವೂ ಎತ್ತದೆ ಆ ಒಂದು ಗಂಟೆಯನ್ನು ದಾಟಿಸಿಬಿಟ್ಟಿದ್ದೆ. ಮನೆಗೆ ಬಂದು ಬುಟ್ಟಿಯ ಸೇಬು ತೊಳೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳೇ, ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ. ಗುಬ್ಬಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಗ್ರಂಥಾಲಯ ಶಾಖೆಯಲ್ಲಿ ಜನ ಆಸೆಪಟ್ಟು ಓದಿದ ಪುಸ್ತಕಗಳೇ ಆರಿಸಿ ತೆಗೆದಂತೆ ರದ್ದಿಗೆ ಹೋದವು. ಶಾಖೆಯೂ ಮುಚ್ಚಿತು. ಅದಕ್ಕೆ ಕಾರಣ ಸರ್ಕಾರವಲ್ಲ, ಮೊಬೈಲಲ್ಲ, ಗೆದ್ದಲೂ ಅಲ್ಲ. ನಾನು. ಅದು ಹೇಗಾಯಿತು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ. ನಡುವೆ ನಗು ಬರುವ ಸಂಗತಿಗಳೂ ಇವೆ, ನಗಬಹುದು.

ನಾನು ಸರ್ಕಾರಿ ನೌಕರಳಾಗಿರಲಿಲ್ಲ. ಕೊಬ್ಬರಿ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದ ಯಜಮಾನರೊಬ್ಬರು ತಮ್ಮ ತಾಯಿಯ ನೆನಪಿಗೆ ಒಂದು ಟ್ರಸ್ಟ್ ಮಾಡಿ ತುಮಕೂರು, ಕುಣಿಗಲ್, ಗುಬ್ಬಿ ಮೂರು ಕಡೆ ಗ್ರಂಥಾಲಯ ತೆರೆದಿದ್ದರು. ಹೆಸರು ಬೇಡ. ಅವರ ತಾಯಿಗೆ ಓದು ಬರುತ್ತಿರಲಿಲ್ಲವಂತೆ. ಸಂಜೆ ಹೊತ್ತು ಯಾರನ್ನಾದರೂ ಹಿಡಿದು ಕೂರಿಸಿ ಓದಿಸಿಕೊಂಡು ಕೇಳುತ್ತಿದ್ದರಂತೆ. ನನ್ನ ಇಡೀ ದುಡಿಮೆ ಈ ಮೂರು ಊರುಗಳಲ್ಲೇ ಕಳೆಯಿತು.

ಕೆಲಸ ಕಲಿಸಿದವರು ತುಮಕೂರಿನ ಮುಖ್ಯ ಗ್ರಂಥಪಾಲಕರಾಗಿದ್ದ ಶ್ರೀಕಂಠಯ್ಯನವರು. ಬಿಳಿ ಪಂಚೆ, ಮೂಗಿನ ತುದಿಗೆ ಕನ್ನಡಕ, ಮುಖದಲ್ಲಿ ನಗು ಅನ್ನುವುದು ಅಮಾವಾಸ್ಯೆಗೊಮ್ಮೆ. ನಾನು ಸೇರಿದ ದಿನವೇ ಹೇಳಿದ್ದರು, "ನೋಡಮ್ಮ, ಪುಸ್ತಕ ಚೆನ್ನಾಗಿದೆ, ತಗೊಂಡೋಗಿ ಅಂತ ಹೇಳೋದು ಸೀರೆ ಅಂಗಡಿಯವ್ನ ಕೆಲ್ಸ. ನಮ್ದಲ್ಲ. ಕೇಳಿದ್ದನ್ನ ಕೊಡು, ಕೊಟ್ಟಿದ್ದನ್ನ ಬರಿ, ಬಂದಿದ್ದನ್ನ ಬೀರುಗೆ ಇಡು. ಬರೀದೆ ಕೊಟ್ಟ ಪುಸ್ತಕ ಯಾರೂ ಓದ್ದೇ ಇರೋ ಪುಸ್ತಕ ಅಂತ್ಲೇ ತಿಳ್ಕೊ." ನಾನು ತಲೆಯಾಡಿಸಿದೆ. ಒಳಗೊಳಗೆ, ಈ ಮುದುಕರಿಗೆ ಓದಿನ ರುಚಿಯೇ ಗೊತ್ತಿಲ್ಲ ಅಂದುಕೊಂಡೆ. ಅವರು ಹೇಳಿದ ಮೂರರಲ್ಲಿ ಮೂರನ್ನೂ ಮುರಿದೆ.

ಕುಣಿಗಲ್ಲಿಗೆ ಹಾಕಿದರು. ಅಲ್ಲಿ ನನಗೆ ಗೊತ್ತಾದದ್ದು ಏನೆಂದರೆ, ನೂರರಲ್ಲಿ ತೊಂಬತ್ತು ಜನಕ್ಕೆ ಪುಸ್ತಕದ ಹೆಸರೂ ಗೊತ್ತಿರುವುದಿಲ್ಲ, ಬರೆದವರ ಹೆಸರೂ ಗೊತ್ತಿರುವುದಿಲ್ಲ. "ಆ ಲಾಡ್ಜಲ್ಲಿ ಹೆಣ ಬೀಳುತ್ತಲ್ಲ ಮೇಡಂ, ಅಂಥದ್ದು," "ಹಸಿರು ರಟ್ಟಿಂದು, ನಮ್ಮ ಅತ್ತಿಗೆ ಓದಿದ್ರಲ್ಲ, ಅದು," ಹೀಗೆ ಕೇಳುತ್ತಿದ್ದರು. ಕೇಳಿದ್ದನ್ನು ಕೊಡು ಅಂದರೆ ಇವರಿಗೆ ಏನನ್ನು ಕೊಡಬೇಕು? ಆದ್ದರಿಂದ ನಾನೇ ಎಲ್ಲವನ್ನೂ ಓದಿಕೊಂಡು ಇದು ಇಂಥವರಿಗೆ ಅಂತ ಆರಿಸಿ ಕೊಡಲು ಶುರು ಮಾಡಿದೆ. ಬಹಳ ಜಂಬವಿತ್ತು. ವೈದ್ಯರು ನಾಡಿ ಹಿಡಿದಷ್ಟು ಸುಲಭವಾಗಿ ನಾನು ಓದುಗರನ್ನು ಹಿಡಿಯುತ್ತೇನೆ ಅನ್ನುವ ಜಂಬ.

ಜಂಬ ಇಳಿಸಿದವಳು ಅಂಗನವಾಡಿಯ ಜಯಮ್ಮ. ಮೆತ್ತಗಿನ ಹೆಂಗಸು, ವಾರಕ್ಕೊಂದು ಪುಸ್ತಕ ಒಯ್ಯುತ್ತಿದ್ದಳು. ಒಂದು ದಿನ ಅವಳಿಗೆ ಒಂದು ಪತ್ತೇದಾರಿ ಕಾದಂಬರಿ ಕೊಟ್ಟೆ. ಹಾಳು ಬಾವಿಯಲ್ಲಿ ಒಬ್ಬ ಹುಡುಗಿಯ ಹೆಣ ತೇಲುವುದರಿಂದ ಶುರುವಾಗುವ ಕಥೆ. "ಇದನ್ನ ಕೆಳಗಿಡೋಕೆ ಆಗಲ್ಲ ನೋಡು, ಬೇಕಾದ್ರೆ ಬೆಟ್ ಕಟ್ತೀನಿ" ಅಂದಿದ್ದೆ. ಮಾರನೆಯ ದಿನವೇ ತಂದುಕೊಟ್ಟಳು. "ಚೆನ್ನಾಗಿದೆ ಮೇಡಂ" ಅಂದಳು. ಒಂದೇ ದಿನಕ್ಕೆ ಓದಿ ಮುಗಿಸಿದಳಲ್ಲ ಅಂತ ನಾನು ಬೀಗಿದೆ. ಆಮೇಲೆ ಅವಳು ಬರಲೇ ಇಲ್ಲ. ಎರಡು ತಿಂಗಳಾದ ಮೇಲೆ ಅವಳ ಪಕ್ಕದ ಮನೆಯವರು ಹೇಳಿದರು, ಜಯಮ್ಮನ ತಂಗಿ ಸಿಕ್ಕಿದ್ದು ಬಾವಿಯಲ್ಲಿ ಅಂತ. ಕ್ಷಮೆ ಕೇಳೋಣ ಅಂತ ಅಂಗನವಾಡಿಯ ಬಾಗಿಲವರೆಗೆ ಹೋದೆ. ಅವಳು ಮಕ್ಕಳಿಗೆ ಕೈ ತೊಳೆಸುತ್ತಿದ್ದಳು. ನೋಡಿ ನಕ್ಕಳು. ನಾನು, ಸುಮ್ಮನೆ ಈ ಕಡೆ ಬಂದಿದ್ದೆ ಅಂತ ಹೇಳಿ ವಾಪಸು ಬಂದೆ. ಹೇಳಬೇಕಾದ ಹೊತ್ತಿಗೆ ನಾಲಿಗೆ ಮಡಚಿಕೊಳ್ಳುವುದು ನನಗೆ ಅವತ್ತಿನಿಂದಲೇ ಇದ್ದ ರೋಗ.

ಆವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಇದನ್ನು ನೀವೂ ಇಟ್ಟುಕೊಳ್ಳಿ. ಯಾವ ಥರದ ಪುಸ್ತಕ ಬೇಕು ಅಂತ ಕೇಳಬೇಡಿ, ಯಾವುದು ಬೇಡ ಅಂತ ಕೇಳಿ. ಬೇಕಾದ್ದು ಏನು ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಬೇಡದ್ದನ್ನು ಮಾತ್ರ ಎಲ್ಲರೂ ಥಟ್ಟನೆ ಹೇಳುತ್ತಾರೆ. ಆಮೇಲೆ ಒಂದೇ ಪುಸ್ತಕ ಕೈಗೆ ಕೊಟ್ಟು ಬೇರೆ ಕಡೆ ತಿರುಗಿಕೊಳ್ಳಿ. ಅವರು ನಿಂತಲ್ಲೇ ಮೊದಲ ಪುಟ ಓದುತ್ತ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿಕೊಂಡು ಓದು ಮುಂದುವರಿಸಿದರೆ ಆ ಪುಸ್ತಕ ಅವರದ್ದು. ತಲೆಯೆತ್ತಿ ಫ್ಯಾನ್ ನೋಡಿದರೆ ಅಲ್ಲ.

ಕೊತ್ತಗೆರೆಯ ಕಡೆಯ ಲೈನ್‌ಮನ್ ರಂಗಸ್ವಾಮಿಯವರು ಸಿಕ್ಕಿದ್ದು ಈ ಪ್ರಶ್ನೆಯಿಂದಲೇ. ನಿವೃತ್ತಿಗೆ ಹತ್ತಿರವಾಗಿದ್ದರು. ಬಿಸಿಲ ಹೊತ್ತಿನಲ್ಲಿ ಫ್ಯಾನಿನ ಕೆಳಗೆ ಕೂರಲು ಬರುತ್ತಿದ್ದರು, ಓದಲು ಅಲ್ಲ. "ಏನು ಬೇಡ ಹೇಳಿ" ಅಂದೆ. "ಕತೆ ಗಿತೆ ಬ್ಯಾಡ. ಎಲ್ಲಾ ಸುಳ್ಳು ಕಣಮ್ಮ. ನಡ್ದಿದ್ದಿದ್ರೆ ಕೊಡಿ, ಇಲ್ದಿದ್ರೆ ಬುಡಿ" ಅಂದರು. ಕೆರೆ ದಡದಲ್ಲಿ ವರ್ಷಗಟ್ಟಲೆ ಕೂತು ಹಕ್ಕಿಗಳನ್ನು ನೋಡಿದ ಅರಣ್ಯ ನೌಕರರೊಬ್ಬರ ನೆನಪುಗಳ ಪುಸ್ತಕ ಇತ್ತು, ಅದನ್ನು ಕೊಟ್ಟೆ. ಹತ್ತು ದಿನ ಬಿಟ್ಟು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಈವಯ್ಯನೂ ಸುಳ್ಳು ಬರ್ದವ್ನೆ ಮೇಡಂ. ಕಾಗೆ ಗೂಡು ಅಂದ್ರೆ ಬರೀ ಕಡ್ಡಿ ಅಂತೆ. ತಂತಿ ತುಂಡೂ ತರ್ತವೆ ಅವು. ಅದಕ್ಕೇ ಅಲ್ವಾ ಲೈನ್ ಟ್ರಿಪ್ ಆಗೋದು? ಕಂಬ ಹತ್ತಿ ನೋಡಿದ್ದಿದ್ರೆ ಗೊತ್ತಾಗ್ತಿತ್ತು." ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದುಪಡಿಯನ್ನೂ ಬರೆದಿದ್ದರು. ಸಹಿ ಸಮೇತ! ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು ಅಂತ ಗದರಿಸಿದೆ. ಆದರೆ ಅವರು ಇನ್ನೊಂದು ಅಂಥದ್ದೇ ಕೇಳಿದರು. ಮೂರನೆಯದೋ ನಾಲ್ಕನೆಯದೋ ಓದಿದ ಮೇಲೆ ಒಂದು ಮಧ್ಯಾಹ್ನ ಬಂದವರು ಪುಸ್ತಕ ತೆರೆಯದೆ ಕೂತಿದ್ದರು.

"ಎಷ್ಟ್ ಗೂಡು ಕಿತ್ತಾಕಿದೀನೋ ಮೇಡಂ, ಅದಕ್ಕೆ ಲೆಕ್ಕವೇ ಇಲ್ಲ. ಒಳಗೆ ಮರಿ ಐತಾ ಇಲ್ವಾ ಅಂತ ಒಂದಿನಾನೂ ನೋಡ್ಲಿಲ್ಲ. ಕರೆಂಟ್ ಹೋದ್ರೆ ಜನ ಬೈತಾರೆ, ಅದೊಂದೇ ಗ್ಯಾನ. ಈಗ ಇದನ್ನೆಲ್ಲ ಯಾಕ್ ಓದ್ಸಿದ್ರಿ ನೀವು?"

ನಾನು ಟೀ ತರಿಸಿದೆ. ಕುಡಿದು ಎದ್ದರು, ಎರಡು ಹೆಜ್ಜೆ ಹೋಗಿ ತಿರುಗಿ ಬಂದು, "ಇಂಥದ್ದೇ ಇನ್ನೊಂದಿದ್ರೆ ತೆಗೆದಿಟ್ಟಿರಿ" ಅಂದರು. ನೀವು ಮುಂದೆ ಖುಷಿ ಕೊಡುವ ಪುಸ್ತಕಗಳ ಪಟ್ಟಿ ಮಾಡುವಾಗ ಇವರನ್ನು ಜ್ಞಾಪಿಸಿಕೊಳ್ಳಿ. ನಗಿಸುವ ಪುಸ್ತಕವೇ ಖುಷಿಯ ಪುಸ್ತಕ ಅಂದುಕೊಳ್ಳಬೇಡಿ. ಬೈದುಕೊಂಡಾದರೂ ಇನ್ನೊಂದು ಕೇಳುವಂತೆ ಮಾಡಿದರೆ ಅದು ಖುಷಿಯ ಪುಸ್ತಕವೇ.

ಕುಣಿಗಲ್ಲಿನದೇ ಇನ್ನೊಂದು. ಪತ್ತೇದಾರಿ ಕಾದಂಬರಿಗಳನ್ನು ಓದಿ ಮುಗಿಸಿದ ಯಾವನೋ ಪುಣ್ಯಾತ್ಮ, ಕೊಲೆಗಾರನ ಹೆಸರನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಟ್ಟು ಹೋಗುತ್ತಿದ್ದ. ಓದುಗರೆಲ್ಲ ನನ್ನ ಮೇಲೆ ಎಗರಾಡುತ್ತಿದ್ದರು. ಅಳಿಸಿದರೆ ಅಚ್ಚು ಉಳಿಯುತ್ತಿತ್ತು. ಕಾದು ನೋಡಿದೆ, ಸಿಗಲಿಲ್ಲ. ಕೊನೆಗೆ ಒಂದು ಭಾನುವಾರ ಕೂತು ಎಲ್ಲ ಪತ್ತೇದಾರಿಗಳ ಮೊದಲ ಪುಟದಲ್ಲೂ ಅವನದೇ ಕೈಬರಹದಂತೆ ಬೇರೆ ಬೇರೆ ಹೆಸರು ಬರೆದುಬಿಟ್ಟೆ. ಒಂದರಲ್ಲಿ ಅಡುಗೆಯವನು, ಇನ್ನೊಂದರಲ್ಲಿ ಸ್ವತಃ ಪತ್ತೇದಾರ. ಅಲ್ಲಿಂದ ಮೊದಲ ಪುಟವನ್ನು ಯಾರೂ ನಂಬದಾದರು. ಪುಸ್ತಕಕ್ಕೆ ಮಸಿ ಬಳಿದ ಗ್ರಂಥಪಾಲಕಿ ಅಂತ ಶ್ರೀಕಂಠಯ್ಯನವರು ಮೆಮೋ ಕೊಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ 'ಉಪಾಯ ಪರವಾಗಿಲ್ಲ' ಅಂತ ಬರೆದಿದ್ದರು.

ಆಮೇಲೆ ತುಮಕೂರು. ಅಲ್ಲಿನ ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಪರೀಕ್ಷೆಗೆ ಓದುವ ಮಕ್ಕಳು ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಚೀಲ ಇಟ್ಟು ಕುರ್ಚಿ ಹಿಡಿಯುತ್ತಿದ್ದರು. ಅವರನ್ನು ತಪ್ಪು ಅನ್ನುವುದಿಲ್ಲ, ಅವರ ಹೊಟ್ಟೆಪಾಡು. ಆದರೆ ಕಥೆ ಕಾದಂಬರಿಯ ಬೀರುಗಳು ಹಾಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲ ಕೆಳಗೆ ಸರಿದವು. ವಸಂತನರಸಾಪುರದ ಕಾರ್ಖಾನೆ ಬಸ್ಸಿನಲ್ಲಿ ಓಡಾಡುವ ಕೆಲವರು ಮಾತ್ರ ಬಗ್ಗಿ ಬಗ್ಗಿ ಅಲ್ಲಿಂದ ಪುಸ್ತಕ ಹೆಕ್ಕುತ್ತಿದ್ದರು. ಅವರಿಗೆ ಸಣ್ಣ ಸಣ್ಣ ಅಧ್ಯಾಯಗಳ ಪತ್ತೇದಾರಿಯೇ ಆಗಬೇಕು, ಬಸ್ಸು ನಿಂತಾಗ ಅಧ್ಯಾಯವೂ ಮುಗಿಯುವಂಥದ್ದು.

ಕಂಪ್ಯೂಟರ್ ಬಂದದ್ದೂ ಆಗಲೇ. ಪ್ರತಿ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿಸಿದೆವು. ಓದುಗರಿಗೆ ಮುಂದೆ ಏನು ಓದಬೇಕು ಅಂತ ಯಂತ್ರವೇ ಹೇಳುತ್ತದೆ ಅಂದರು. ಕಾಡಿನ ನೆನಪುಗಳನ್ನು ಓದಿ ಮುಗಿಸಿದ ಒಬ್ಬ ಅಜ್ಜಿಗೆ ಅದು ಫಾರೆಸ್ಟ್ ಗಾರ್ಡ್ ನೇಮಕಾತಿಯ ಪ್ರಶ್ನೋತ್ತರ ಮಾಲೆಯನ್ನು ಸೂಚಿಸಿತು. ಅಜ್ಜಿ, "ಈ ವಯಸ್ಸಲ್ಲಿ ನಂಗೆ ಕೆಲ್ಸ ಕೊಡ್ಸತ್ತಂತಾ?" ಅಂತ ಕೇಳಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ಯಂತ್ರವನ್ನು ನೋಡಿ ನಗಬಾರದಿತ್ತು. ಅದು ತನಗೆ ಬರೆದುಕೊಟ್ಟದ್ದನ್ನು ಮಾತ್ರ ನಂಬುತ್ತದೆ ಅನ್ನುವುದು ಆಗಲೇ ನನಗೆ ಅರ್ಥವಾಗಬೇಕಿತ್ತು.

ಕೊನೆಯ ಹನ್ನೊಂದು ವರ್ಷ ಗುಬ್ಬಿ. ಶಾಖೆ ಅಂದರೆ ಒಂದು ಉದ್ದನೆಯ ಕೋಣೆ, ಹದಿನಾಲ್ಕು ಬೀರು, ನಾನೊಬ್ಬಳೇ. ಟ್ರಸ್ಟಿನ ನಿಯಮದಂತೆ ಸದಸ್ಯತ್ವ ಬೇಕಾದರೆ ಸ್ವಂತ ಮನೆ ಇರುವವರೋ ಸಂಬಳದ ನೌಕರರೋ ಯಾರಾದರೂ ಜಾಮೀನು ಸಹಿ ಹಾಕಬೇಕು. ಅಂಥ ಸಹಿ ಇರುವವರಿಗೆ ಓದುವ ಪುರುಸೊತ್ತು ಇರಲಿಲ್ಲ. ಓದಬೇಕು ಅಂತ ಬಾಗಿಲಲ್ಲಿ ನಿಂತವರಿಗೆ ಸಹಿ ಹಾಕುವವರು ಇರಲಿಲ್ಲ. ಬಾಡಿಗೆ ಮನೆಯವರು, ಕಡಬದಿಂದ ಬಂದು ತೆಂಗಿನಕಾಯಿ ಸುಲಿಯುವ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೆಂಗಸರು, ಹಾಸ್ಟೆಲಿನ ಹುಡುಗಿಯರು, ಇಂಥವರೇ.

ಇಂಥವರಲ್ಲಿ ಮೊದಲು ಬಂದವಳು ಖಮರುನ್ನೀಸಾ. ಎರಡು ಅಂಗಡಿ ಆಚೆ ಟೈಲರಿಂಗ್ ಇಟ್ಟುಕೊಂಡಿದ್ದಳು. ರವಿಕೆ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಗಂಡ ಲಾರಿ ಮೆಕ್ಯಾನಿಕ್, ಸಾಧು ಮನುಷ್ಯ. ಮೊದಲ ದಿನವೇ ಬಾಗಿಲಲ್ಲಿ ನಿಂತು ಕೇಳಿದಳು, "ಮೇಡಂ, ಒಳಗ್ ಬರೋಕೂ ಜಾಮೀನ್ ಬೇಕಾ?"

"ಒಳಗೆ ಬರೋಕೆ ಬೇಡಮ್ಮ, ಪುಸ್ತಕ ತಗೊಂಡೋಗೋಕೆ."

"ನಾನ್ ಎಲ್ಗೆ ಓಡೋಗ್ತೀನಿ? ನನ್ ಮಿಷಿನ್ನು ನಿಮ್ ಕಣ್ಣೆದುರ್ಗೇ ಐತೆ."

ಮಾತು ಸರಿಯಾಗಿತ್ತು. ಏನು ಬೇಡ ಅಂತ ಕೇಳಿದೆ. "ಅಳೋದು ಬ್ಯಾಡ. ಅತ್ತೆ ಸೊಸೆ ಬ್ಯಾಡ. ಯಾರ್ ಮಾಡಿದ್ದು, ಯಾಕ್ ಮಾಡಿದ್ದು ಅಂತ ಕೊನೇವರ್ಗೂ ಗೊತ್ತಾಗ್ಬಾರ್ದು, ಅಂಥದ್ ಕೊಡಿ" ಅಂದಳು. ಒಂದು ಪತ್ತೇದಾರಿ ಕೊಟ್ಟೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆಯಬೇಕಾದರೆ ಸದಸ್ಯತ್ವದ ನಂಬರು ಬೇಕು, ನಂಬರು ಬೇಕಾದರೆ ಜಾಮೀನು ಬೇಕು. ಮೂರೇ ದಿನಕ್ಕೆ ವಾಪಸು ಬಂತು. ಆಮೇಲೆ ಅವಳ ಅಂಗಡಿಗೆ ರವಿಕೆ ಕೊಡಲು ಬಂದವರೆಲ್ಲ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದರು. "ಖಮರ್ ಆಪಾ ಹೇಳಿದ್ರು" ಅಂತ. ಯಾರಿಗೂ ಇಲ್ಲ ಅನ್ನಲಿಲ್ಲ. ಯಾರದ್ದನ್ನೂ ಬರೆಯಲಿಲ್ಲ. ಒಂದು ಪುಸ್ತಕವೂ ಕಳೆಯಲಿಲ್ಲ ಅನ್ನುವುದನ್ನು ಇವತ್ತಿಗೂ ಎದೆ ಮುಟ್ಟಿ ಹೇಳುತ್ತೇನೆ. ಜಾಮೀನು ಕೊಟ್ಟ ದೊಡ್ಡ ಮನುಷ್ಯರ ಮನೆಯಲ್ಲಿ ಕಳೆದವು, ಇವರಲ್ಲಿ ಇಲ್ಲ.

ಒಂದು ತೊಂದರೆ ಇತ್ತು. ಪುಸ್ತಕದ ಹೆಸರು ನೆನಪಿಡದೆ ಓದುವವರು ಓದಿದ್ದನ್ನೇ ಮತ್ತೆ ಒಯ್ದು, ಇಪ್ಪತ್ತು ಪುಟ ಆದಮೇಲೆ ಹಣೆ ಚಚ್ಚಿಕೊಳ್ಳುತ್ತಾರೆ. ಅದಕ್ಕೆ ಖಮರ್ ಒಂದು ದಾರಿ ಮಾಡಿಕೊಂಡಳು. ಓದಿ ಮುಗಿಸಿದ ಪುಸ್ತಕದ ಹದಿನೇಳನೇ ಪುಟದ ಒಳ ಅಂಚಿನಲ್ಲಿ ಸೂಜಿಯಿಂದ ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕುವುದು. ಮೊದಲು ನೋಡಿದಾಗ ನನಗೆ ಸಿಟ್ಟು ನೆತ್ತಿಗೇರಿತು. "ಇದೇನ್ ನಿಮ್ಮ ಮನೆ ರವಿಕೆನೇನಮ್ಮ?" ಅಂತ ರೇಗಿದೆ.

"ಪೆನ್ನಲ್ಲಿ ಬರುದ್ರೆ ಹೋಗಲ್ಲ ಮೇಡಂ. ದಾರ ಆದ್ರೆ ಎಳುದ್ರೆ ಬಂದ್ಬುಡ್ತದೆ. ಪುಸ್ತಕಕ್ಕೆ ಏನೂ ಆಗಲ್ಲ" ಅಂದಳು.

ಅವಳನ್ನು ನೋಡಿ ಉಳಿದವರೂ ಕಲಿತರು. ಹಾಸ್ಟೆಲಿನ ಹುಡುಗಿಯರು ಅದೇ ಪುಟದಲ್ಲಿ ಪುಟಾಣಿ ಸ್ಟಿಕರ್ ಬಿಂದಿ ಅಂಟಿಸಿದರು. ಕಡಬದ ಹೆಂಗಸರು ಒಬ್ಬಳು ಹಸಿರು ದಾರ, ಒಬ್ಬಳು ಹಳದಿ ದಾರ ಅಂತ ಖಮರ್ ಹತ್ತಿರವೇ ಹೊಲಿಸಿಕೊಂಡರು. ಬರಬರುತ್ತ ನಾನು ಬೈಯುವುದನ್ನು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ಹೊಸಬರು ಬಂದರೆ ನಾನು ಪುಸ್ತಕದ ಹದಿನೇಳನೇ ಪುಟವನ್ನೇ ಮೊದಲು ನೋಡುತ್ತಿದ್ದೆ. ಕೆಂಪು, ಹಸಿರು, ಮೂರು ಬಿಂದಿ ಇದ್ದರೆ, ಇದು ಎಲ್ಲರಿಗೂ ಹಿಡಿಸುವ ಪುಸ್ತಕ, ಕಣ್ಣು ಮುಚ್ಚಿ ಕೊಡಬಹುದು. ಬರೀ ಹಸಿರಿದ್ದರೆ ನಿಧಾನದ್ದು, ಮರ ಗಿಡ ಹಕ್ಕಿ ಹಳ್ಳ ಇಷ್ಟಪಡುವವರಿಗೆ. ಇಡೀ ನೌಕರಿಯಲ್ಲಿ ನಾನು ಕಂಡ ಅತಿ ಒಳ್ಳೆಯ ಕ್ಯಾಟಲಾಗು ಅದೇ. ಪ್ರತಿ ತಿಂಗಳ ಕೊನೆಗೆ ಟ್ರಸ್ಟಿಗೆ ಒಂದು ಕಾಗದ ಕಳಿಸಬೇಕಿತ್ತು, 'ಹೊರಗೆ ಕೊಟ್ಟ ಎಲ್ಲ ಪುಸ್ತಕಗಳನ್ನೂ ದಾಖಲಿಸಲಾಗಿದೆ' ಅಂತ. ಸಹಿ ಹಾಕಿ ಕಳಿಸುತ್ತಿದ್ದೆ.

ಯಜಮಾನರು ತೀರಿಕೊಂಡ ಮೇಲೆ ಅವರ ಮೊಮ್ಮಗ ಪ್ರಸನ್ನ ಕಾರ್ಯದರ್ಶಿ ಆದರು. ಕೆಟ್ಟ ಮನುಷ್ಯ ಅಂತ ಬರೆದರೆ ನನಗೆ ಅನುಕೂಲ, ಆದರೆ ಒಳ್ಳೆಯವರು. ಎದ್ದು ನಿಂತು ಮಾತಾಡಿಸುತ್ತಿದ್ದರು. ಟ್ರಸ್ಟಿನವರು ಸಭೆ ಸೇರಿ, ಐದು ವರ್ಷದಲ್ಲಿ ಒಂದು ಸಲವೂ ಹೊರಗೆ ಹೋಗದ ಪುಸ್ತಕಗಳನ್ನು ತೆಗೆದುಹಾಕುವುದು, ಅಂಥವೇ ಹೆಚ್ಚಿರುವ ಶಾಖೆಯನ್ನು ಮುಚ್ಚುವುದು ಅಂತ ತೀರ್ಮಾನ ಮಾಡಿದ್ದರು. ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಒಂದು ಬುಧವಾರ ಬೆಳಗ್ಗೆ ಪ್ರಸನ್ನ ನಮ್ಮ ರಿಜಿಸ್ಟರುಗಳ ಲೆಕ್ಕದಿಂದ ಕಂಪ್ಯೂಟರ್ ತೆಗೆದುಕೊಟ್ಟ ಪಟ್ಟಿ ಹಿಡಿದುಕೊಂಡು ಗುಬ್ಬಿಗೆ ಬಂದರು.

ಪಟ್ಟಿ ನೋಡಿದೆ. ಜಾಮೀನು ಇದ್ದವರು ಶೋಕಿಗೆ ಒಯ್ದು ಓದದೆ ತಂದ ದಪ್ಪ ದಪ್ಪ ಪುಸ್ತಕಗಳೆಲ್ಲ ಪಟ್ಟಿಗೆ ಸೇರದೆ ಉಳಿದಿದ್ದವು. ಪತ್ತೇದಾರಿಗಳು, ಕಾಡಿನ ನೆನಪುಗಳು, ಹಕ್ಕಿ ಪುಸ್ತಕಗಳು, ಹಾಸ್ಯ, ಪ್ರವಾಸ, ಒಂದೊಂದರ ಮುಂದೆಯೂ ಸೊನ್ನೆ. ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತು ನಾನೇ ಎರಡೆರಡು ಸಲ ಬೈಂಡ್ ಮಾಡಿಸಿದ ಪುಸ್ತಕಗಳು ಅವು. ಶ್ರೀಕಂಠಯ್ಯನವರು ಹೇಳಿದ್ದ ಮಾತು ಹಾಗೇ ನಿಜವಾಗಿ ಕಣ್ಣೆದುರು ನಿಂತಿತ್ತು.

"ಗಿರಿಜಮ್ಮೋರೆ," ಅಂದರು ಪ್ರಸನ್ನ, "ನಂಗೂ ಇದು ಸರಿ ಅನ್ನಿಸ್ತಿಲ್ಲ. ನಮ್ಮ ಮುತ್ತಜ್ಜಿ ಹೆಸ್ರಲ್ಲಿರೋ ಲೈಬ್ರರಿ. ಲಿಸ್ಟ್ ತಪ್ಪಿದ್ರೆ ಹೇಳಿ. ಈ ಪುಸ್ತಕ ಜನ ಓದ್ತಿದಾರೆ ಅಂತ ನೀವೊಂದು ಮಾತು ಬರ್ದು ಕೊಟ್ರೆ, ನಾನು ಮೀಟಿಂಗಲ್ಲಿ ಮಾತಾಡಿ ನಿಲ್ಲಿಸ್ತೀನಿ."

ಇಷ್ಟು ಸಲೀಸಾಗಿ ಬಾಗಿಲು ತೆರೆದಿಟ್ಟಿದ್ದರು. ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಜೊತೆಗೆ, ಹನ್ನೊಂದು ವರ್ಷ ಪ್ರತಿ ತಿಂಗಳೂ ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದೇನೆ ಅನ್ನುವುದನ್ನೂ ಹೇಳಬೇಕಿತ್ತು. ಅದರ ಹಿಂದಿನ ವರ್ಷವೇ ಕುಣಿಗಲ್ ಶಾಖೆಯ ಸಹಾಯಕನೊಬ್ಬನನ್ನು, ಬರೆಯದೆ ಪುಸ್ತಕ ಹೊರಗೆ ಕೊಟ್ಟ ಅಂತ ಕೆಲಸದಿಂದ ತೆಗೆದಿದ್ದರು. ಆಗ ನನ್ನ ಅಭಿಪ್ರಾಯ ಕೇಳಿದಾಗ, ನಿಯಮ ಎಲ್ಲರಿಗೂ ಒಂದೇ ಅಂತ ಹೇಳಿದ್ದವಳೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗೆ. ಏಳು ತಿಂಗಳು ಕಳೆದರೆ ಮರ್ಯಾದೆಯಿಂದ ಮನೆಗೆ ಹೋಗಬಹುದು. ಅದಕ್ಕೆ ಮುಂಚೆ ನೋಟಿಸು, ವಿಚಾರಣೆ, ಊರವರ ಬಾಯಿ. ಇಷ್ಟೂ ನನ್ನ ತಲೆಯಲ್ಲಿ ಓಡಿತು.

"ರಿಜಿಸ್ಟರಲ್ಲಿ ಏನಿದ್ಯೋ ಅದೇ ಸಾರ್" ಅಂದೆ.

ಅವರು ಹತ್ತಿರದ ಬೀರುವಿನಿಂದ ಒಂದು ಪತ್ತೇದಾರಿ ತೆಗೆದು ಪುಟ ತಿರುವಿದರು. "ಇದೇನಿದು, ದಾರ ಹೊಲ್ದಿದಾರೆ? ಬಿಂದಿ ಬೇರೆ ಅಂಟ್ಸಿದಾರೆ. ಯಾರ್ ಮಾಡಿದ್ದು ಇದನ್ನ?"

"ಯಾರೋ ಕಿಡಿಗೇಡಿಗಳು ಸಾರ್" ಅಂದೆ.

ಎರಡು ಅಂಗಡಿ ಆಚೆ ಹೊಲಿಗೆ ಮಿಷಿನ್ನಿನ ಸದ್ದು ಕೇಳುತ್ತಿತ್ತು. ಪ್ರಸನ್ನ ನಿಟ್ಟುಸಿರು ಬಿಟ್ಟು ಪುಸ್ತಕ ಕೆಳಗಿಟ್ಟರು. ಪಟ್ಟಿಯ ಕಡೆಯಲ್ಲಿ 'ಓದುಗರಿಲ್ಲ, ಹಲವು ಪುಸ್ತಕ ಹಾಳಾಗಿವೆ' ಅಂತ ಬರೆದು ನನ್ನ ಕಡೆ ತಳ್ಳಿದರು. ಅದಕ್ಕೂ ಸಹಿ ಹಾಕಿದೆ.

ಹದಿನೈದು ದಿನ ಬಿಟ್ಟು ಲಗೇಜ್ ಆಟೋ ಬಂತು. ಶುಕ್ರವಾರ ಮಧ್ಯಾಹ್ನ ತರಿಸಿದ್ದೆ, ಆ ಹೊತ್ತು ಖಮರ್ ಅಂಗಡಿ ಮುಚ್ಚಿರುತ್ತದೆ ಅಂತ ಗೊತ್ತಿದ್ದೇ ತರಿಸಿದ್ದು. ಪಟ್ಟಿಯಲ್ಲಿದ್ದವನ್ನು ರದ್ದಿಗೆ ಅಂತ ಗೋಣಿಚೀಲಕ್ಕೆ ತುಂಬಿದರು, ಉಳಿದ ದಪ್ಪ ಪುಸ್ತಕಗಳನ್ನು ತುಮಕೂರಿಗೆ ಅಂತ ಕಟ್ಟಿದರು. ಹಳೆಯ ಮುದ್ರಣಗಳು, ಈಗ ಎಲ್ಲೂ ಅಚ್ಚಿನಲ್ಲಿ ಇಲ್ಲದವು ಎಷ್ಟೋ. ಒಂದು ನಾಲ್ಕನ್ನಾದರೂ ಸೆರಗಿನಲ್ಲಿ ಮುಚ್ಚಿಕೊಂಡು ತರಬಾರದಿತ್ತೇ ಅಂತ ಕೇಳುತ್ತೀರಿ. ತುಂಬುವವರ ಮುಂದೆ ಕಳ್ಳಿ ಅನ್ನಿಸಿಕೊಳ್ಳುವುದಕ್ಕೆ ನಾಚಿಕೆಯಾಯಿತು. ಆ ನಾಚಿಕೆ ಹದಿನೈದು ದಿನದ ಹಿಂದೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಶನಿವಾರ ಬೆಳಗ್ಗೆ ಖಮರ್ ಬಂದಳು. ಕೈಯಲ್ಲಿ ಒಂದು ಪುಸ್ತಕ. ಎರಡು ಭಾಗದ ಪತ್ತೇದಾರಿ ಅದು, ಮೊದಲ ಭಾಗ ಅವಳ ಮನೆಯಲ್ಲಿತ್ತು. ಎರಡೂ ಒಟ್ಟಿಗೆ ಒಯ್ದರೆ ಹೊಲಿಗೆ ಕೆಲಸ ನಿಂತುಹೋಗುತ್ತದೆ ಅಂತ ಯಾವಾಗಲೂ ಒಂದೊಂದೇ ಒಯ್ಯುತ್ತಿದ್ದಳು. ಖಾಲಿ ಬೀರುಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನಾಯ್ತು ಮೇಡಂ? ಸುಣ್ಣ ಹೊಡಿಸ್ತಿದೀರಾ?"

"ಇಲ್ಲಮ್ಮ. ಟ್ರಸ್ಟಿನವ್ರು ತೆಗೆದ್ರು. ಶಾಖೆ ಮುಚ್ಚುತ್ತೆ."

"ಎರಡ್ನೇ ಭಾಗ?"

"ಅದೂ ಹೋಯ್ತು."

ಅವಳು ಕುರ್ಚಿಯಲ್ಲಿ ಕೂತಳು. ಅವಳ ಮುಖ ನೋಡಲಾಗದೆ ನಾನು, "ನಾನ್ ಓದಿದೀನಿ ಅದನ್ನ. ಯಾರ್ ಮಾಡಿದ್ದು ಅಂತ ಹೇಳ್ಲಾ?" ಅಂದೆ.

"ಬ್ಯಾಡ, ಬ್ಯಾಡ! ಹೇಳ್ಬುಟ್ರೆ ಆಯ್ತಲ್ಲ. ಎಲ್ಲಾದ್ರೂ ಸಿಗುತ್ತೆ ಬುಡಿ, ನೀವು ಹುಡುಕ್ಕೊಡ್ತೀರ." ಆಮೇಲೆ ಕಣ್ಣು ಒರೆಸಿಕೊಂಡು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. "ನೀವ್ಯಾಕ್ ಇಷ್ಟ್ ಬೇಜಾರ್ ಮಾಡ್ಕೊತೀರಾ ಮೇಡಂ? ದೊಡ್ಡೋರು ಅಂದ್ರೆ ಹಂಗೇ. ನಮ್ ಸಲುವಾಗಿ ನೀವು ಜಗಳ ಆಡೇ ಆಡಿರ್ತೀರ, ನಂಗೊತ್ತು. ಸುಮ್ನೆ ಬುಡೋ ಪೈಕಿ ಅಲ್ಲ ನೀವು."

ನಾನು ಹೂಂ ಅಂದೆ.

ಏಳು ತಿಂಗಳನ್ನು ತುಮಕೂರಿನಲ್ಲಿ ಮುಗಿಸಿ ಮರ್ಯಾದೆಯಿಂದ ಮನೆಗೆ ಬಂದೆ. ಎರಡು ವರ್ಷವಾಯಿತು. ಆ ಎರಡನೇ ಭಾಗವನ್ನು ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಹಬ್ಬಕ್ಕೆ ಅವಳು ಫೋನು ಮಾಡುತ್ತಾಳೆ, ಈಗ ಏನೂ ಓದುತ್ತಿಲ್ಲ ಅನ್ನುತ್ತಾಳೆ. ಗುಬ್ಬಿಯಲ್ಲಿ ಬೇರೆ ಕಡೆ ಪುಸ್ತಕಗಳು ಇಲ್ಲವೆಂದಲ್ಲ. "ಅಲ್ಲಿ ನಂಗೆ ಏನ್ ಬ್ಯಾಡ ಅಂತ ಕೇಳೋರಿಲ್ಲ ಮೇಡಂ" ಅಂದಳು ಒಂದು ಸಲ. ಪ್ರತಿ ಸಲವೂ ನಿಜ ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ. ಮಕ್ಕಳ ಮದುವೆ, ಮಂಡಿನೋವು ಮಾತಾಡಿ ಫೋನು ಇಡುತ್ತೇನೆ.

ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಜಾಮೀನಿಲ್ಲದವರಿಗೆ ಪುಸ್ತಕ ಕೊಡಬೇಡಿ ಅಂತ ಹೇಳಲು ಬಾಯಿ ಬರುವುದಿಲ್ಲ. ಕೊಟ್ಟರೆ, ಕೊಟ್ಟೆ ಅಂತ ಎಲ್ಲರೆದುರು ಒಪ್ಪಿಕೊಳ್ಳುವ ಎದೆಯಿರಲಿ. ಅದಿಲ್ಲದೆ ಮಾಡಿದ ಉಪಕಾರ ಎಂಥದು ಅಂತ ಹದಿನಾಲ್ಕು ಬೀರು ಖಾಲಿಯಾದ ಮೇಲೆ ಗೊತ್ತಾಗುತ್ತದೆ.

ಅವಳಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ. ಖಮರ್ ಇದನ್ನು ಓದಬೇಕು. ಆದರೆ ಇದು ನಾಳೆ ಅಚ್ಚಾಗಿ ಬಂದರೂ, ಇದನ್ನು ಓದು ಅಂತ ಅವಳ ಕೈಗೆ ಕೊಡುವವರು ಗುಬ್ಬಿಯಲ್ಲಿ ಯಾರೂ ಇಲ್ಲ. ಆ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ.